ಗಂಟೆಯ ನಾಲಗೆ ಕಟ್ಟಿದವರು ಯಾರು?

“ಯಾರೂ ಒರೆಸಬೇಡಿ!”

ಚಿಕ್ಕಮ್ಮ ಕೂಗಿದ ರಭಸಕ್ಕೆ, ಬಟ್ಟೆ ಹಿಡಿದು ನೆಲ ಒರೆಸಲು ಬಗ್ಗಿದ್ದ ಪುಟ್ಟಿ ಅರ್ಧಕ್ಕೇ ನಿಂತುಬಿಟ್ಟಳು. ಹಿತ್ತಿಲ ಬಾಗಿಲ ಬುಡದಲ್ಲಿ, ಕಾಲೊರೆಸುವ ಚಾಪೆಗಿಂತ ಒಂದು ಗೇಣು ಈಚೆಗೆ, ಉಚ್ಚೆ ಇನ್ನೂ ಬಿಸಿಯಾಗಿ ಹರಡಿಕೊಂಡಿತ್ತು. ಆ ಕೆಲಸ ಮಾಡಿದ್ದ ಎಂಟು ತಿಂಗಳ ನಾಯಿಮರಿ ತರಲೆ, ಊಟದ ಮೇಜಿನ ಕೆಳಗೆ ಸೇರಿಕೊಂಡು, ಕಿವಿಗಳನ್ನು ತಲೆಗೆ ಅಂಟಿಸಿಕೊಂಡು, ಬೈಗುಳಕ್ಕೆ ಕಾಯುತ್ತಿತ್ತು.

ಪುಟ್ಟಿ ಪಿಟೀಲು ರಿಪೇರಿ ಮಾಡುವವಳು. ಮನೆಯ ಮುಂದಿನ ಕೋಣೆಯೇ ಅವಳ ಕಾರ್ಖಾನೆ. ಸೋಮವಾರ ಆ ಕೋಣೆಯ ಬೀರುವಿನಿಂದ, ಹಿರಿಯ ವಾದಕಿಯೊಬ್ಬರು ರಿಪೇರಿಗೆ ಬಿಟ್ಟಿದ್ದ ಹಳೆಯ ಪಿಟೀಲು ಬೀಗ ಮುರಿಯದೆಯೇ ಮಾಯವಾಗಿತ್ತು. ಬಸ್ ಡ್ರೈವರ್ ಆಗಿರುವ ಪುಟ್ಟಿಯ ಗಂಡ ಗಾಬರಿಯಿಂದ ಫೋನ್ ಮಾಡಿ ಕರೆಸಿಕೊಂಡಿದ್ದರಿಂದ ಚಿಕ್ಕಮ್ಮ ನಿನ್ನೆ ಬಂದಿಳಿದಿದ್ದಳು.

ಸರ್ವಿಸ್ ಪೂರ್ತಿ ಪೊಲೀಸ್ ಇಲಾಖೆಯ ಬೆರಳಚ್ಚು ವಿಭಾಗದಲ್ಲಿ ಕಳೆದ ಹೆಂಗಸು ಅವಳು. ಪುಟ್ಟಿಗೆ ತಾಯಿಯ ತಂಗಿ, ಸರಿ. ಆದರೆ ಕಾನ್‌ಸ್ಟೇಬಲ್‌ಗಳಿಂದ ಹಿಡಿದು ಜೇಬುಗಳ್ಳರವರೆಗೆ ಎಲ್ಲರೂ ಅವಳನ್ನು ಚಿಕ್ಕಮ್ಮ ಅಂತಲೇ ಕರೆಯುತ್ತಿದ್ದರು. ನಿವೃತ್ತಿಯಾದ ಮೇಲೆ ಆ ಹೆಸರೊಂದೇ ಅವಳ ಜೊತೆ ಮನೆಗೆ ಬಂದದ್ದು.

“ಚಿಕ್ಕಮ್ಮಾ, ನೀವು ಬಂದಿರೋದು ಪಿಟೀಲು ಹುಡುಕೋಕೆ. ಈ ಗಲೀಜು ನನಗೆ ಬಿಡಿ,” ಎಂದಳು ಪುಟ್ಟಿ. ಅವಳ ಕಣ್ಣು ಊದಿಕೊಂಡಿತ್ತು. ನಿದ್ದೆ ಮಾಡಿ ಯಾವ ಕಾಲವಾಯಿತೋ.

“ಒಂದೇ ಮನೇಲಿ ಎರಡು ವಿಷಯ ಹದಗೆಟ್ಟಿವೆ. ನಾನು ಎರಡನ್ನೂ ನೋಡೋದು. ಈ ಮರಿ ಯಾವಾಗಿನಿಂದ ಹೀಗೆ?”

“ಪಿಟೀಲು ಹೋಗೋಕೆ ಒಂದೆರಡು ವಾರ ಮುಂಚೆಯಿಂದ. ಅದಕ್ಕೆ ಮೊದಲು ಒಂದು ಹನಿ ಒಳಗೆ ಬಿದ್ದಿರಲಿಲ್ಲ. ಎಷ್ಟು ಜಾಣ ಆಗಿತ್ತು ಗೊತ್ತಾ!”

“ಎಲ್ಲೆಲ್ಲಿ ಮಾಡುತ್ತೆ?”

“ಇಲ್ಲೇ. ಯಾವಾಗಲೂ ಇಲ್ಲೇ.”

“ಮಂಚದ ಮೇಲೆ, ಸೋಫಾ ಕಾಲಿಗೆ, ನಿನ್ನ ಕಾರ್ಖಾನೆಯಲ್ಲಿ?”

ಪುಟ್ಟಿ ಇಲ್ಲವೆಂದು ತಲೆಯಲ್ಲಾಡಿಸಿದಳು.

ಚಿಕ್ಕಮ್ಮ ಕನ್ನಡಕ ಏರಿಸಿಕೊಂಡು ಮಂಡಿಯೂರಿದಳು. ಕಳ್ಳನ ಗುರುತು ಹುಡುಕಲು ಬಗ್ಗಿ ಬಗ್ಗಿ ಸವೆದ ಮಂಡಿಗಳು ಲಟಕ್ ಎಂದವು. ದೊಡ್ಡ ಒಂದೇ ಮಡು. ಅಲ್ಲಲ್ಲಿ ಚಿಮುಕಿಸಿ ಗುರುತು ಹಾಕಿದ್ದಲ್ಲ, ತಡೆದು ತಡೆದು ಕೊನೆಗೆ ಕೈಮೀರಿ ಹೋದದ್ದು. ಬಾಗಿಲಿಗೆ ಅಷ್ಟು ಹತ್ತಿರ.

“ತರಲೆ, ಬಾಪ್ಪಾ ಇಲ್ಲಿ.”

ಮರಿ ಬರಲಿಲ್ಲ. ಬಾಲದ ತುದಿಯನ್ನು ಮಾತ್ರ ನೆಲಕ್ಕೆ ಒಂದು ಸಲ ತಟ್ಟಿತು.

“ನಿನ್ನ ಗಂಡ ಬೈದಿದ್ದಾರಾ?”

“ಬೈಯದೆ ಇರ್ತಾರಾ? ಮೊನ್ನೆ ಡ್ಯೂಟಿಗೆ ಹೊರಟವರು ಇದರ ಮೇಲೇ ಕಾಲಿಟ್ಟು ಜಾರಿ, ಯೂನಿಫಾರಂ ಸಮೇತ ಕೂತುಬಿಟ್ರು. ಬಸ್ಸು ತಡ ಆಯ್ತು, ಡಿಪೋದಲ್ಲಿ ಮಾತು ಕೇಳಬೇಕಾಯ್ತು. ಭಾನುವಾರದೊಳಗೆ ಇದು ಸರಿಹೋಗದಿದ್ರೆ ತಂದ ಜಾಗಕ್ಕೇ ವಾಪಸ್ ಬಿಟ್ಟು ಬರ್ತೀನಿ ಅಂದಿದ್ದಾರೆ.” ಪುಟ್ಟಿ ಬಗ್ಗಿ ಮೇಜಿನ ಕೆಳಗೆ ನೋಡಿದಳು. “ಅಲ್ಲಿ ತಂತಿ ಗೂಡಿನೊಳಗೆ ಮರಿಗಳು ಒಂದರ ಮೇಲೊಂದು ಬಿದ್ದಿದ್ವು ಚಿಕ್ಕಮ್ಮ. ಮತ್ತೆ ಅಲ್ಲಿಗೆ ಹೇಗೆ ಕಳಿಸಲಿ?”

ಇವತ್ತು ಗುರುವಾರ. ಚಿಕ್ಕಮ್ಮ ಬೆರಳು ಮಡಚಲಿಲ್ಲ, ಆದರೆ ಮನಸ್ಸಿನಲ್ಲಿ ಲೆಕ್ಕ ಹಾಕಿಕೊಂಡಳು.

ಅಷ್ಟರಲ್ಲಿ ಫೋನ್ ಹೊಡೆದುಕೊಂಡಿತು. ನಿನ್ನೆ ಸಂಜೆ ಮರಿಯನ್ನು ಪರೀಕ್ಷಿಸಿದ್ದ ನಾಯಿ ಡಾಕ್ಟರು. ಚಟಪಟ ಮಾತಿನ ಹುಡುಗಿ.

“ಎಲ್ಲ ಸರಿ ಇದೆ. ಸೋಂಕಿಲ್ಲ, ಕಲ್ಲಿಲ್ಲ, ಸಕ್ಕರೆ ಇಲ್ಲ. ಗಟ್ಟಿಮುಟ್ಟಾದ ಮರಿ.”

“ಹಾಗಾದ್ರೆ ಇದು ಹಟಾನಾ ಡಾಕ್ಟ್ರೇ?” ಎಂದಳು ಚಿಕ್ಕಮ್ಮ.

“ನಾಯಿಗೆ ಹಟದಿಂದ ಉಚ್ಚೆ ಹೊಯ್ಯೋದು ಗೊತ್ತಿಲ್ಲಮ್ಮ. ಅದೆಲ್ಲ ಮನುಷ್ಯರ ಬುದ್ಧಿ. ಈ ವಯಸ್ಸಲ್ಲಿ ಕಲಿತಿದ್ದು ಸ್ವಲ್ಪ ಹಿಂದೆ ಮುಂದೆ ಆಗೋದುಂಟು. ಆದ್ರೆ ಹೀಗೆ ಥಟ್ಟನೆ, ಒಂದೇ ಜಾಗದಲ್ಲಿ ಅಂದ್ರೆ, ಅದರ ಪಾಲಿಗೆ ಏನೋ ಬದಲಾಗಿದೆ ಅಂತ ಅರ್ಥ. ಅದೇನು ಅಂತ ಹುಡುಕಿ. ಮತ್ತೆ, ಬೈಯೋದು, ಉಚ್ಚೇಲಿ ಅದರ ಮೂಗು ತಿಕ್ಕೋದು ಖಂಡಿತ ಬೇಡ. ಬೈದ್ರೆ ಒಳಗೆ ಮಾಡೋದು ಬಿಡಲ್ಲ, ನಿಮ್ಮ ಕಣ್ಣೆದುರು ಮಾಡೋದು ಬಿಡುತ್ತೆ, ಅಷ್ಟೇ.”

‘ಏನೋ ಬದಲಾಗಿದೆ.’ ಚಿಕ್ಕಮ್ಮನಿಗೆ ಆ ಮಾತು ಹಿಡಿಸಿತು. ಕಳ್ಳತನವಾದ ಮನೆಗೆ ಕಾಲಿಟ್ಟ ತಕ್ಷಣ ಅವಳು ಕೇಳುತ್ತಿದ್ದ ಪ್ರಶ್ನೆಯೂ ಅದೇ.

ನೆಲ ಒರೆಸಲು ಪುಟ್ಟಿಗೆ ಅಪ್ಪಣೆ ಸಿಕ್ಕಿತು. ಚಿಕ್ಕಮ್ಮ ಮನೆ ಸುತ್ತಿದಳು.

ದೊಡ್ಡ ಮನೆಯೇನಲ್ಲ. ಮುಂದೆ ಪುಟ್ಟಿಯ ಕಾರ್ಖಾನೆ, ಅದರಾಚೆ ಬೀದಿ. ನಡುವೆ ಹಾಲ್. ಅಲ್ಲಿ ಒರಗು ಕುರ್ಚಿಯಲ್ಲಿ ಪುಟ್ಟಿಯ ಮಾವ ಪೇಪರ್ ಹಿಡಿದು ಕೂತಿರುತ್ತಿದ್ದರು. ರೈಲ್ವೆ ಗಾರ್ಡ್ ಆಗಿ ನಿವೃತ್ತರಾದವರು. ಮಂಡಿ ಆಪರೇಷನ್ ಆದ ಮೇಲೆ ಮನೆ ಬಿಟ್ಟು ಹೊರಗೆ ಹೋಗಬಾರದೆಂದು ಮಗನ ಕಟ್ಟಪ್ಪಣೆ, ಸಕ್ಕರೆ ಮುಟ್ಟಬಾರದೆಂದು ಸೊಸೆಯ ಕಟ್ಟಪ್ಪಣೆ. ಹಾಲ್ ದಾಟಿದರೆ ಅಡುಗೆಮನೆ, ಊಟದ ಮೇಜು, ಹಿತ್ತಿಲ ಬಾಗಿಲು. ಹೊರಗೆ ಅಂಗಳ, ಒಂದು ನಿಂಬೆ ಗಿಡ, ಆಳೆತ್ತರದ ಗೋಡೆ, ಓಣಿಗೆ ಒಂದು ತಗಡಿನ ಗೇಟು. ಮಹಡಿಗೆ ಹೋಗುವ ಕಬ್ಬಿಣದ ಮೆಟ್ಟಿಲೂ ಅಲ್ಲಿಂದಲೇ. ಮೇಲೆ ಡ್ರಾಯಿಂಗ್ ಮೇಷ್ಟ್ರೊಬ್ಬರು ಬಾಡಿಗೆಗಿದ್ದರು.

“ಆ ನಾಯಿಯಿಂದ ಬಿಡುಗಡೆ ಯಾವಾಗ?” ಎಂದು ಮೇಷ್ಟ್ರು ಬೆಳಿಗ್ಗೆ ಮೆಟ್ಟಿಲ ಮೇಲಿಂದಲೇ ಕೇಳಿದ್ದರು. ಒಣಗಲು ಹಾಕಿದ್ದ ಅವರ ಲುಂಗಿಯನ್ನು ತರಲೆ ಎಳೆದು ಹಾಸಿಗೆ ಮಾಡಿಕೊಂಡಿತ್ತಂತೆ. ಆದರೆ ಹಗಲು ಅವರು ಸ್ಕೂಲಿನಲ್ಲಿರುತ್ತಾರೆ. ಮೇಲಾಗಿ, ಪಿಟೀಲಿನ ಯಾವ ಕಡೆ ಗದ್ದಕ್ಕೆ, ಯಾವ ಕಡೆ ಕೈಗೆ ಎಂಬುದು ಕೂಡ ಅವರಿಗೆ ಗೊತ್ತಿದ್ದಂತಿರಲಿಲ್ಲ. ಚಿಕ್ಕಮ್ಮ ಮಾತಿನ ಮಧ್ಯೆ ಕೇಳಿ ನೋಡಿದ್ದಳು.

“ಹೊರಗೆ ಹೋಗಬೇಕು ಅಂತ ತರಲೆ ಹೇಗೆ ತಿಳಿಸುತ್ತೆ? ಬೊಗಳುತ್ತಾ?” ಎಂದು ಪುಟ್ಟಿಯನ್ನು ಕೇಳಿದಳು.

“ಇಲ್ಲ. ಬಾಗಿಲ ಹಿಡಿಗೆ ಗಂಟೆ ಕಟ್ಟಿದ್ದೀವಿ ನೋಡಿ. ಮೂಗಲ್ಲಿ ತಳ್ಳೋದು ಕಲಿಸಿದ್ದೆ. ಟಿಣ್ ಅಂದ್ರೆ ನಾನು ಬಂದು ತೆಗೀತಿದ್ದೆ. ಈಗ ಅದನ್ನೂ ಮರೆತಿದೆ.”

“ಬೆಳಿಗ್ಗೆ?”

“ಬೆಳಿಗ್ಗೆ ಇವರು ಮುಂಬಾಗಿಲಿಂದ ವಾಕಿಂಗ್ ಕರ್ಕೊಂಡು ಹೋಗ್ತಾರೆ. ಆಗ ಎಲ್ಲ ಸರಿಯಾಗೇ ಮಾಡುತ್ತೆ. ನಾನು ಕಾರ್ಖಾನೆ ಬಾಗಿಲು ಹಾಕ್ಕೊಂಡು ಕೆಲಸಕ್ಕೆ ಕೂತೆ ಅಂದ್ರೆ ಇಲ್ಲಿ ಕೆರೆ.”

ಚಿಕ್ಕಮ್ಮ ‘ಹೂಂ’ ಎಂದಳು. ಆಮೇಲೆ ಒಂದು ದೊಡ್ಡ ಬಟ್ಟಲು ನೀರು ತಂದು ತರಲೆಯ ಮುಂದಿಟ್ಟಳು. ಅದು ಕುಡಿಯುವಾಗ ಹತ್ತಿರವೇ ಕೂತು ಅದರ ಬೆನ್ನು ಸವರಿದಳು. ಪುಟ್ಟಿಯನ್ನು ಕಾರ್ಖಾನೆಗೆ ಕಳಿಸಿದಳು. ತಾನು ಉಗ್ರಾಣದ ಬಾಗಿಲ ಸಂದಿಯಲ್ಲಿ ಸ್ಟೂಲ್ ಹಾಕಿಕೊಂಡು ಕೂತಳು. ಎಷ್ಟೋ ಖದೀಮರನ್ನು ಹೀಗೇ ಕಾದು ಹಿಡಿದವಳಿಗೆ, ನಾಯಿಮರಿಯನ್ನು ಕಾಯುವುದು ಇದೇ ಮೊದಲು.

ತರಲೆ ಮಲಗಿತು. ಎದ್ದಿತು. ಒಂದು ಸುತ್ತು ಹಾಕಿತು. ನೆಲ ಮೂಸಿತು. ಹಿತ್ತಿಲ ಬಾಗಿಲಿಗೆ ನಡೆಯಿತು.

ಚಿಕ್ಕಮ್ಮ ಉಸಿರು ಬಿಗಿಹಿಡಿದಳು.

ಮರಿ ಮೂಗೆತ್ತಿ ಗಂಟೆಯನ್ನು ತಳ್ಳಿತು. ಗಂಟೆ ಅಲ್ಲಾಡಿತು. ಸದ್ದಿಲ್ಲ.

ಕೂತು ಹಿಂದೆ ತಿರುಗಿ, ಹಾಲ್ ಕಡೆ ನೋಡಿತು. ಯಾರೂ ಬರಲಿಲ್ಲ. ಮತ್ತೆ ತಳ್ಳಿತು, ಈ ಸಲ ಜೋರಾಗಿ. ಗಂಟೆ ಬಾಗಿಲಿಗೆ ಬಡಿದು ಡಬ್ ಎಂದಿತು, ಅಷ್ಟೇ. ತರಲೆ ಒಂದು ಕಾಲೆತ್ತಿ ಇನ್ನೊಂದು ಕಾಲಿಡುತ್ತ ಒದ್ದಾಡಿತು. ಸಣ್ಣಗೆ ಕುಂಯ್ ಎಂದಿತು. ಕಾರ್ಖಾನೆಯಿಂದ ತಂತಿ ಬಿಗಿಯುವ ಸದ್ದು ಬರುತ್ತಿತ್ತು. ಅದರೆದುರು ಈ ಕುಂಯ್ ಎಲ್ಲಿ ಕೇಳಬೇಕು?

ಚಿಕ್ಕಮ್ಮ ಓಡಿಬಂದು ಬಾಗಿಲು ತೆಗೆದಳು. ತರಲೆ ಬಾಣದಂತೆ ಹಾರಿ ನಿಂಬೆ ಗಿಡದ ಬುಡ ಸೇರಿತು. ಅಲ್ಲಿ ಅದು ನಿಂತ ನಿಲುವು, ಆ ಮುಖದ ಮೇಲಿನ ನೆಮ್ಮದಿ! ಚಿಕ್ಕಮ್ಮನಿಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು.

“ಶಭಾಷ್ ಮರಿ! ನೀನೇನೂ ಮರೆತಿಲ್ಲ. ನೀನು ಕರೀತಾನೇ ಇದ್ದೀಯ. ಕೇಳಿಸಬೇಕಾದವರಿಗೆ ಕೇಳಿಸದ ಹಾಗೆ ಮಾಡಿದ್ದಾರೆ.”

ಗಂಟೆಯನ್ನು ಬಿಚ್ಚಿ ತಲೆಕೆಳಗು ಮಾಡಿದಳು. ಒಳಗಿನ ನಾಲಗೆಗೆ ಕಡುಗೆಂಪು ಮಖಮಲ್ಲಿನ ಪಟ್ಟಿಯೊಂದನ್ನು ಅಚ್ಚುಕಟ್ಟಾಗಿ ಸುತ್ತಿ ಅಂಟಿಸಿದ್ದರು. ಬಾಗಿಲು ತೆಗೆದರೂ ಹಾಕಿದರೂ ಸದ್ದು ಬರಬಾರದೆಂದು ಮಾಡಿದ ಕೆಲಸ. ಹಗಲಲ್ಲಿ ಹಿತ್ತಿಲ ಬಾಗಿಲನ್ನು ಯಾರೋ ಕದ್ದು ತೆಗೆಯುತ್ತಿದ್ದಾರೆ. ಬೀಗ ಮುರಿಯದೆ ಪಿಟೀಲು ಹೋದ ದಾರಿ ಇದೇ.

ಪುಟ್ಟಿಯನ್ನು ಕರೆದು ತೋರಿಸಿದಳು. ಪುಟ್ಟಿ ಗಂಟೆಯನ್ನೂ ತರಲೆಯನ್ನೂ ಬದಲಾಯಿಸಿ ಬದಲಾಯಿಸಿ ನೋಡಿದಳು. ಆಮೇಲೆ ನೆಲಕ್ಕೆ ಕುಸಿದು ಕೂತು ಮರಿಯನ್ನು ತಬ್ಬಿಕೊಂಡು ಅತ್ತುಬಿಟ್ಟಳು.

“ನನ್ನ ಕಂದಾ, ಇಷ್ಟು ದಿನ ನೀನು ಕೇಳ್ತಾನೇ ಇದ್ಯಾ!”

ತರಲೆಗೆ ಅಷ್ಟೇ ಸಾಕಾಗಿತ್ತು. ಕಿವಿ ಮೇಲೆದ್ದವು. ಅವಳ ಮುಖವನ್ನು ಗದ್ದದಿಂದ ಹಣೆಯವರೆಗೆ ನೆಕ್ಕಿ ತೊಳೆಯಿತು.

“ಈ ಮಖಮಲ್ಲು ಎಲ್ಲಿಂದ ಬಂತು?”

“ಪಿಟೀಲು ಪೆಟ್ಟಿಗೆಗೆ ಒಳಗೆ ಹಾಸೋದು. ಚೂರುಗಳನ್ನ ಕಾರ್ಖಾನೆ ಕಿಟಕಿ ಹತ್ತಿರ ಡಬ್ಬದಲ್ಲಿ ಹಾಕಿರ್ತೀನಿ. ಬಂದು ಹೋಗೋರು ಯಾರು ಬೇಕಾದ್ರೂ ತಗೋಬಹುದು,” ಎಂದಳು ಪುಟ್ಟಿ, ಮರಿಯ ಕತ್ತಿನಲ್ಲಿ ಮುಖ ಹುದುಗಿಸಿಕೊಂಡೇ.

ಚಿಕ್ಕಮ್ಮ ಗಂಟೆಯನ್ನು ಬೆಳಕಿಗೆ ಹಿಡಿದಳು. ಮಖಮಲ್ಲು ಸರಿ, ಆದರೆ ಗಂಟೆಯ ಕೊಕ್ಕೆಗೆ ಇನ್ನೇನೋ ಸಿಕ್ಕಿಕೊಂಡಿತ್ತು. ಬಿಳಿ ಎಳೆಗಳು. ಔಷಧದ ಡಬ್ಬದಲ್ಲಿರುವಂಥ ಹತ್ತಿ.

ಮಖಮಲ್ಲಿರುವಾಗ ಹತ್ತಿ ಯಾಕೆ?

*

ಮಧ್ಯಾಹ್ನದ ಊಟ ಮುಗಿಸಿ ಬೀಗರು, ಅಂದರೆ ಪುಟ್ಟಿಯ ಮಾವ, ಒರಗು ಕುರ್ಚಿಯಲ್ಲಿ ಸುಖವಾಗಿ ಕಾಲು ಚಾಚಿದ್ದರು. ಚಿಕ್ಕಮ್ಮ ಎದುರಿಗೆ ಬೆತ್ತದ ಸ್ಟೂಲು ಎಳೆದುಕೊಂಡು ಕೂತಳು. ಅವರ ಊರುಗೋಲನ್ನು ಎತ್ತಿ ಹಿಂದೆ ಮುಂದೆ ನೋಡಿದಳು.

“ಕೋಲು ಚೆನ್ನಾಗಿದೆ ಬೀಗರೇ.”

“ಮಗ ತಂದುಕೊಟ್ಟದ್ದು. ಕುರ್ಚಿಯಿಂದ ಬಚ್ಚಲಿಗೆ, ಬಚ್ಚಲಿಂದ ಕುರ್ಚಿಗೆ. ಅದೇ ನನ್ನ ಪ್ರಯಾಣ ಈಗ.”

“ಬಚ್ಚಲಲ್ಲಿ ಕೆಮ್ಮಣ್ಣು ಇದೆಯಾ?”

ಬೀಗರು ಪೇಪರನ್ನು ಸ್ವಲ್ಪ ಮೇಲೆತ್ತಿಕೊಂಡರು.

“ಕೋಲಿನ ತುದೀಲಿ ಓಣಿಯ ಮಣ್ಣು, ಇನ್ನೂ ಹಸಿ ಇದೆ. ಶಾಲಿನ ಅಂಚಲ್ಲಿ ಅದೇನು, ಸಕ್ಕರೆ ಪುಡಿ ಅಲ್ವಾ?”

“ಬೀಗಿತ್ತಿಯವರೇ, ಮೆಲ್ಲಗೆ! ಸೊಸೆಗೆ ಕೇಳುತ್ತೆ.”

“ಕೇಳಬಾರದು ಅಂತಲೇ ಗಂಟೆ ನಾಲಗೆಗೆ ಹತ್ತಿ ಕಟ್ಟಿದ್ರಾ?”

ಪೇಪರ್ ಕೆಳಗಿಳಿಯಿತು. ಅದರ ಹಿಂದಿದ್ದ ಮುಖ, ಟಿಕೆಟಿಲ್ಲದೆ ಸಿಕ್ಕಿಬಿದ್ದ ಪ್ರಯಾಣಿಕನದು.

“ಸರ್ವಿಸ್ ಪೂರ್ತಿ ರೈಲಿಗೆ ಹಸಿರು ಬಾವುಟ ತೋರಿಸಿದವನು ನಾನು. ಈಗ ಸ್ವಂತ ಮನೇಲಿ ಎಲ್ಲಿ ನೋಡಿದ್ರೂ ಕೆಂಪು ಬಾವುಟ. ನಡೀಬೇಡಿ, ತಿನ್ನಬೇಡಿ, ಮೆಟ್ಟಿಲು ಇಳೀಬೇಡಿ. ಓಣಿ ತಿರುವಿನ ಬೇಕರಿಯಲ್ಲಿ ನಾಲ್ಕು ಜನ ಸಿಗ್ತಾರೆ, ಮಾತಾಡ್ತೀವಿ. ಒಂದು ಕ್ರೀಮ್ ಬನ್ನು.” ಸ್ವಲ್ಪ ತಡೆದು ಸೇರಿಸಿದರು, “ಕೆಲವು ಸಲ ಒಂದೂವರೆ.”

ಚಿಕ್ಕಮ್ಮ ನಗಲಿಲ್ಲ. “ನಿಮ್ಮ ಬನ್ನಿಗೋಸ್ಕರ ಆ ಮರಿ ಮನೆ ಕಳಕೊಳ್ಳೋ ಹಾಗಾಗಿದೆ.”

“ಛೆ ಛೆ! ಆ ಮಾತು ಆಡಬೇಡಿ.” ಬೀಗರು ನೆಟ್ಟಗೆ ಕೂತರು. ದನಿಯಲ್ಲಿ ನಿಜವಾದ ನೋವಿತ್ತು. “ಹೋಗುವಾಗ ಹತ್ತಿ ಕಟ್ತಿದ್ದೆ, ಬಂದ ತಕ್ಷಣ ಬಿಚ್ತಿದ್ದೆ. ಒಂದು ದಿನವೂ ತಪ್ಪಿಸಿಲ್ಲ. ಆ ಪ್ರಾಣಿಗೆ ಅವಸರ ಬಂದ್ರೆ ಏನು ಗತಿ? ಈ ವಯಸ್ಸಲ್ಲಿ ಆ ಅವಸರ ಎಂಥದ್ದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ಮತ್ತೆ ಮಖಮಲ್ಲು?”

“ಯಾವ ಮಖಮಲ್ಲು?”

ಚಿಕ್ಕಮ್ಮ ಗಂಟೆಯನ್ನು ಅವರ ಕೈಗಿತ್ತಳು. ಬೀಗರು ಒಳಗೆ ಬೆರಳು ಹಾಕಿ ಮುಟ್ಟಿ ನೋಡಿದರು. ಮುಖದ ಬಣ್ಣವೇ ಬದಲಾಯಿತು.

“ಇದು ನಾನು ಮಾಡಿದ್ದಲ್ಲ.”

“ನೀವು ನೋಡಿರಲಿಲ್ವಾ?”

“ಬಗ್ಗಿ ನೋಡೋಕೆ ಮಂಡಿ ಎಲ್ಲಿ ಬಿಡುತ್ತೆ? ಕೈಯಲ್ಲಿ ತಡವಿ ಕಟ್ತಿದ್ದವನು. ಒಂದು ದಿನ ಹತ್ತಿ ತಗೊಂಡು ಹೋದೆ. ಗಂಟೆ ಅಲ್ಲಾಡಿಸಿದ್ರೆ ಸದ್ದೇ ಇಲ್ಲ. ಮಾರನೇ ದಿನವೂ ಇಲ್ಲ. ಆಗ ನನಗೆ ಅನ್ನಿಸಿದ್ದೇನು ಗೊತ್ತಾ?” ಬೀಗರು ಕಾರ್ಖಾನೆಯ ಮುಚ್ಚಿದ ಬಾಗಿಲ ಕಡೆ ನೋಡಿದರು. “ಸೊಸೆಗೆ ಗೊತ್ತಾಗಿಬಿಟ್ಟಿದೆ. ಬಾಯಿಬಿಟ್ಟು ‘ಹೋಗಿ ಬನ್ನಿ ಮಾವ’ ಅಂದ್ರೆ ಗಂಡನ ಜೊತೆ ಜಗಳ. ಅದಕ್ಕೆ ತಾನೇ ಗಂಟೆ ಬಾಯಿ ಮುಚ್ಚಿ, ಮುದುಕನಿಗೆ ಸುಮ್ಮನೆ ದಾರಿ ಬಿಟ್ಟಿದ್ದಾಳೆ ಅಂದ್ಕೊಂಡೆ. ಅವತ್ತು ಬನ್ನು ಗಂಟಲಲ್ಲಿ ಇಳೀಲಿಲ್ಲ ಬೀಗಿತ್ತಿಯವರೇ. ಅಷ್ಟು ಸಂತೋಷ.”

ಕಟಕಟೆಯಲ್ಲಿ ನಿಂತವರ ಕಣ್ಣೀರನ್ನು ಚಿಕ್ಕಮ್ಮ ಸಾಕಷ್ಟು ಕಂಡಿದ್ದಳು. ಈ ಮನುಷ್ಯ ಸುಳ್ಳು ಹೇಳುತ್ತಿರಲಿಲ್ಲ.

“ಆ ದಿನವೇ ಮರಿ ಮೊದಲ ಸಲ ಒಳಗೆ ಮಾಡಿದ್ದು, ಅಲ್ವಾ?”

ಬೀಗರು ಯೋಚಿಸಿದರು. “ಹೌದಲ್ಲ! ನಾನು ಬೇಕರಿಯಿಂದ ಬಂದಾಗ ಸೊಸೆ ಒರೆಸ್ತಾ ಇದ್ಳು. ಎಲ್ಲಿಂದ ಬಂದ್ರಿ ಅಂತ ಕೂಡ ಕೇಳಲಿಲ್ಲ. ಅದಕ್ಕೇ ನನ್ನ ಅನುಮಾನ ಗಟ್ಟಿಯಾಯ್ತು.”

“ಇನ್ನೇನಾದ್ರೂ ಬದಲಾವಣೆ ಕಂಡ್ರಾ? ಅಂಗಳದಲ್ಲಿ, ಗೇಟಲ್ಲಿ?”

“ಒಂದೆರಡು ಸಲ ನಾನು ಹಾಕಿ ಹೋಗಿದ್ದ ಗೇಟಿನ ಚಿಲಕ, ಬರುವಾಗ ತೆಗೆದಿತ್ತು. ಮೇಷ್ಟ್ರು ಇರಬೇಕು ಅಂದ್ಕೊಂಡೆ.”

ಮೇಷ್ಟ್ರು ಆ ಹೊತ್ತಿಗೆ ಸ್ಕೂಲಿನಲ್ಲಿ. ಚಿಕ್ಕಮ್ಮ ಗಂಟೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಎದ್ದಳು.

“ಬೀಗರೇ, ಬನ್ನಿನ ವಿಷಯ ನಾನು ಹೇಳಲ್ಲ. ನೀವೇ ಹೇಳಿಬಿಡಿ. ಸಂಜೆಯೊಳಗೆ.”

“ಬೇರೆ ಶಿಕ್ಷೆ ಏನೂ ಇಲ್ವಾ?” ಎಂದರು ಬೀಗರು ದೀನವಾಗಿ.

*

ಅಳಿಯ ಬಸ್ಸು ಡಿಪೋಗೆ ಬಿಟ್ಟು ಮನೆಗೆ ಬಂದಾಗ ಅಡುಗೆಮನೆಯಲ್ಲಿ ಸಭೆ ಸೇರಿತ್ತು. ಚಿಕ್ಕಮ್ಮ ಬಿಸಿನೀರಿನಲ್ಲಿ ಗಂಟೆಯನ್ನು ಅದ್ದಿ, ಮಖಮಲ್ಲನ್ನು ಬಿಡಿಸಿ ಜೋಪಾನವಾಗಿ ಎತ್ತಿಟ್ಟು, ಗಂಟೆಯನ್ನು ಬಾಗಿಲಿಗೆ ಕಟ್ಟಿದ್ದಳು. ನಡೆದದ್ದನ್ನೆಲ್ಲ ಹೇಳಿದಳು.

ಅಳಿಯ ಆಜಾನುಬಾಹು. ಟ್ರಾಫಿಕ್ಕಿನಲ್ಲಿ ಎಂಥವರಿಗೂ ಜಗ್ಗದ ಆಸಾಮಿ. ಅವನು ಯೂನಿಫಾರಂನಲ್ಲೇ ನೆಲದ ಮೇಲೆ ಕೂತು, ಮೇಜಿನ ಕೆಳಗೆ ಕೈ ಚಾಚಿದ.

“ತಪ್ಪಾಯ್ತು ಕಣೋ ತರಲೆ. ನಾನು ಹೊಡೆಯೋ ಹಾರನ್ ಯಾರಿಗೂ ಕೇಳಿಸದೆ ಹೋಗಿದ್ರೆ ನನ್ನ ಗತಿ ಏನಾಗ್ತಿತ್ತು?”

ತರಲೆ ತಕ್ಷಣ ಬರಲಿಲ್ಲ. ಅವನು ಕೈ ಹಿಂತೆಗೆಯಲಿಲ್ಲ. ಕೊನೆಗೆ ಒಂದು ಒದ್ದೆ ಮೂಗು ಬಂದು ಅವನ ಅಂಗೈಯಲ್ಲಿ ಕೂತಿತು.

“ಭಾನುವಾರದ ಮಾತು?” ಎಂದಳು ಚಿಕ್ಕಮ್ಮ.

“ಯಾವ ಭಾನುವಾರ? ಯಾರು ಹೇಳಿದ್ದು?” ಎಂದ ಅಳಿಯ. ಪುಟ್ಟಿ ನಗುತ್ತ ಅವನ ಬೆನ್ನಿಗೊಂದು ಗುದ್ದಿದಳು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ನಗು ಕೇಳಿಸಿತು.

ಆ ಸಂದರ್ಭ ನೋಡಿಕೊಂಡೇ ಬೀಗರು ಗಂಟಲು ಸರಿಪಡಿಸಿಕೊಂಡು ಕ್ರೀಮ್ ಬನ್ನಿನ ಕಥೆ ಹೇಳಿಬಿಟ್ಟರು. ಮಗ ಬಾಯಿ ತೆರೆಯುವ ಮೊದಲೇ ಪುಟ್ಟಿ ಹೇಳಿದಳು:

“ವಾರಕ್ಕೊಂದು ಸಲ, ಅರ್ಧ ಬನ್ನು. ನಡೆದುಕೊಂಡು ಹೋಗಿ, ನಡೆದುಕೊಂಡು ಬನ್ನಿ. ಮುಂಬಾಗಿಲಿಂದ.”

“ಇನ್ನರ್ಧ?”

“ಇನ್ನರ್ಧ ನನಗೆ.”

ಆದರೆ ಮರಿಯ ವಿಷಯ ಅಷ್ಟು ಸುಲಭಕ್ಕೆ ಬಗೆಹರಿಯುವಂಥದ್ದಲ್ಲ ಎಂದು ಚಿಕ್ಕಮ್ಮ ಮೊದಲೇ ಎಚ್ಚರಿಸಿದಳು. ಗಂಟೆಗೆ ನಾಲಗೆ ಬಂತು, ಸರಿ. ಆದರೆ ಗಂಟೆಯ ಮೇಲಿನ ನಂಬಿಕೆ ಮರಿಗೆ ಹೋಗಿದೆಯಲ್ಲ! ನಾಯಿ ಡಾಕ್ಟರು ಫೋನಿನಲ್ಲಿ ಹೇಳಿದಂತೆ ಎಲ್ಲ ಮೊದಲಿಂದ ಶುರುವಾಯಿತು, ನಿನ್ನೆ ಮೊನ್ನೆ ಮನೆಗೆ ಬಂದ ಕೂಸಿಗೆ ಕಲಿಸುವ ಹಾಗೆ. ನಿದ್ದೆಯಿಂದ ಎದ್ದರೆ ಹೊರಗೆ. ತಿಂದು ಕುಡಿದರೆ ಹೊರಗೆ. ಆಡಿ ಸುಸ್ತಾದರೆ ಹೊರಗೆ. ಹೊಗಳಿಕೆ ಅಲ್ಲೇ, ನಿಂಬೆ ಗಿಡದ ಬುಡದಲ್ಲೇ. ಒಳಗೆ ಬಂದ ಮೇಲೆ ಹೊಗಳಿದರೆ, ಒಳಗೆ ಬಂದದ್ದಕ್ಕೇ ಬಹುಮಾನ ಎಂದುಕೊಳ್ಳುತ್ತದಂತೆ. ಅಳಿಯ ಸುರಿದಿದ್ದ ಫಿನಾಯಿಲ್ ಮೂಲೆಗೆ ಹೋಯಿತು. ಅದರ ಘಾಟು ಮನುಷ್ಯರ ಮೂಗನ್ನು ಮೋಸ ಮಾಡೀತು, ನಾಯಿಯ ಮೂಗನ್ನಲ್ಲ. ಉಚ್ಚೆಯ ವಾಸನೆಯನ್ನೇ ತಿಂದುಹಾಕುವ ದ್ರಾವಣವನ್ನು ಡಾಕ್ಟರು ಕಳಿಸಿಕೊಟ್ಟರು. ಅದರಲ್ಲಿ ನೆಲ ಉಜ್ಜಿದ್ದಾಯಿತು. ಚಾಪೆ ಬಿಸಿಲಿಗೆ ಹೋಯಿತು.

ಮೊದಲ ಸಲ ಗಂಟೆ ಟಿಣ್ ಎಂದಾಗ ತರಲೆ ತಾನೇ ಬೆಚ್ಚಿ ಹಿಂದಕ್ಕೆ ಹಾರಿತು. ಮಾತು ಬಿಟ್ಟಿದ್ದ ಗೆಳೆಯ ಇದ್ದಕ್ಕಿದ್ದಂತೆ ಮಾತಾಡಿಸಿದ ಹಾಗೆ. ಬಾಗಿಲು ತೆರೆಯಿತು. ಪುಟ್ಟಿ ಬಂದಳು. ಒಂದು ಚೂರು ಬಿಸ್ಕತ್ತು ಬಂತು. ಮರಿ ಗಂಟೆಯ ಕಡೆ ಒಂದು ಸಲ, ಅವಳ ಕಡೆ ಒಂದು ಸಲ ನೋಡಿತು.

ಶುಕ್ರವಾರ ಮತ್ತೆ ಬಾಗಿಲ ಬುಡದಲ್ಲಿ ಕೆರೆಯಾಯಿತು. ಕಾಲಿಡುವುದರಲ್ಲಿದ್ದ ಅಳಿಯ ಗಕ್ಕನೆ ನಿಂತ. ಮೂಗಿನಿಂದ ಉದ್ದಕ್ಕೆ ಉಸಿರು ಬಿಟ್ಟ. ಬಟ್ಟೆ ತಂದು ತುಟಿಪಿಟಕ್ಕೆನ್ನದೆ ಒರೆಸಿದ. ಮೇಜಿನ ಕೆಳಗಿಂದ ಎರಡು ಕಣ್ಣು ಅವನನ್ನೇ ನೋಡುತ್ತಿದ್ದವು. ಬೈಗುಳ ಬರಲಿಲ್ಲ. ಆ ಮಧ್ಯಾಹ್ನ ತರಲೆ ಬಂದು ಅವನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಕಾಲು ಜೋಮು ಹಿಡಿದರೂ ಅವನು ಕದಲಲಿಲ್ಲ.

ಶನಿವಾರ ಮನೆಯೊಳಗೆ ನೆಲ ಒಣಗಿಯೇ ಇತ್ತು. ಬೆಳಿಗ್ಗೆಯಿಂದ ಗಂಟೆ ಬಾರಿಸಿದ್ದೇ ಬಾರಿಸಿದ್ದು. ಅರ್ಧದಷ್ಟು ಸಲ ಬಿಸ್ಕತ್ತಿನ ಆಸೆಗೆ.

“ಈಗ ಇದು ನಮ್ಮನ್ನ ಕುಣಿಸ್ತಾ ಇದೆ,” ಎಂದರು ಬೀಗರು ಹೆಮ್ಮೆಯಿಂದ.

ಚಿಕ್ಕಮ್ಮನಿಗೆ ಮಾತ್ರ ಪೂರ್ತಿ ಸಮಾಧಾನವಿರಲಿಲ್ಲ. ನಾಯಿಯ ಗುಟ್ಟು ಸಿಕ್ಕಿತು, ಪಿಟೀಲು ಸಿಗಲಿಲ್ಲ. ಬಂದು ಹೋಗುವ ಗಿರಾಕಿಗಳನ್ನು ಒಬ್ಬೊಬ್ಬರಾಗಿ ವಿಚಾರಿಸಿದ್ದಳು. ಒಬ್ಬರ ಮೇಲೂ ಬೆರಳು ನಿಲ್ಲಲಿಲ್ಲ. ಹಿರಿಯ ವಾದಕಿ ಎರಡು ಸಲ ಫೋನ್ ಮಾಡಿ, ಒಮ್ಮೆಯೂ ದನಿ ಎತ್ತದೆ, “ಸಿಕ್ಕಿತೇನಮ್ಮಾ?” ಎಂದಷ್ಟೇ ಕೇಳಿದ್ದರು. ಕೂಗಾಡಿದ್ದರೇ ವಾಸಿಯಿತ್ತು.

ಮಧ್ಯಾಹ್ನ ಗಂಟೆ ಮತ್ತೆ ಟಿಣ್ ಎಂದಿತು. ಅಳಿಯ ಡ್ಯೂಟಿಯಲ್ಲಿದ್ದ. ಬೀಗರು ಮುಂಬಾಗಿಲಿಂದ ರಾಜಾರೋಷವಾಗಿ ಬೇಕರಿಗೆ ಹೋಗಿದ್ದರು. ಪುಟ್ಟಿ ಕಾರ್ಖಾನೆಯಲ್ಲಿ.

“ಬಂದೆ ದೊರೆಯೇ,” ಎಂದು ಚಿಕ್ಕಮ್ಮನೇ ಎದ್ದಳು.

ತರಲೆ ನಿಂಬೆ ಗಿಡದ ಬುಡದಲ್ಲಿ ಕೆಲಸ ಮುಗಿಸಿತು. ಚಿಕ್ಕಮ್ಮ ಅಲ್ಲೇ ಬಗ್ಗಿ ಕತ್ತು ತುರಿಸಿ, ಶಭಾಷ್ ಹೇಳಿ, ಬಿಸ್ಕತ್ತು ಕೊಟ್ಟಳು. ಬಿಸಿಲು ಹಿತವಾಗಿತ್ತು. ಒಂದು ಕ್ಷಣ, ಈ ಕೆಲಸಕ್ಕಿಂತ ಒಳ್ಳೆಯ ಕೆಲಸ ಇಡೀ ಸರ್ವಿಸ್ಸಿನಲ್ಲಿ ಮಾಡಿಲ್ಲ ಅನ್ನಿಸಿತು.

ಆಗ ಗೋಡೆಯಾಚೆ ಓಣಿಯಿಂದ ಯಾರೋ ಸಣ್ಣಗೆ ಶಿಳ್ಳೆ ಹಾಕಿದರು.

ತರಲೆಯ ತಲೆ ಮೇಲೆದ್ದಿತು. ಬೊಗಳಲಿಲ್ಲ. ಬಾಲ ಬೀಸುತ್ತ ಓಡಿಹೋಗಿ ಗೋಡೆಯ ಕೆಳಗೆ ಅಚ್ಚುಕಟ್ಟಾಗಿ ಕೂತು, ಮುಂಗಾಲು ಎತ್ತಿ ಹಿಡಿಯಿತು. ಈ ಮನೆಯಲ್ಲಿ ಯಾರೂ ಅದಕ್ಕೆ ಆ ಆಟ ಕಲಿಸಿರಲಿಲ್ಲ.

ಗೋಡೆಯ ಮೇಲಿಂದ ಒಂದು ಬಿಸ್ಕತ್ತು ಬಿತ್ತು. ಹಿಂದೆಯೇ ಒಂದು ದನಿ. ಹೆಂಗಸಿನದು, ಚಿಕ್ಕ ವಯಸ್ಸಿನದು, ಪಿಸುಮಾತಿನದು.

“ಅಕ್ಕಾ, ಬಾಗಿಲ ಸದ್ದು ಕೇಳ್ತು, ನೀವೇ ಅಂತ ಗೊತ್ತಾಯ್ತು. ಪಿಟೀಲು ನನ್ನ ಹತ್ತಿರ ಭದ್ರವಾಗಿದೆ. ಅದರ ಕಮಾನು ಇವತ್ತಾದ್ರೂ ತಂದ್ರಾ?”

ಚಿಕ್ಕಮ್ಮ ಕಲ್ಲಾದಳು. ಈ ಮನೆಯಲ್ಲಿ ಅಕ್ಕ ಎನಿಸಿಕೊಳ್ಳುವವಳು ಒಬ್ಬಳೇ ಒಬ್ಬಳು.

ಬೆನ್ನ ಹಿಂದೆ ಚಪ್ಪಲಿಯಿಲ್ಲದ ಹೆಜ್ಜೆಗಳು ಬಂದು ನಿಂತವು. ತಣ್ಣಗಿನ ಒಂದು ಕೈ ಅವಳ ಮೊಣಕೈಯನ್ನು ಬಿಗಿಯಾಗಿ ಹಿಡಿಯಿತು. ತಿ‌ರುಗಿ ನೋಡಿದರೆ ಪುಟ್ಟಿ. ಮುಖದಲ್ಲಿ ರಕ್ತವಿರಲಿಲ್ಲ. ಇನ್ನೊಂದು ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಕಮಾನು.

“ಚಿಕ್ಕಮ್ಮಾ, ನಿಮ್ಮ ದಮ್ಮಯ್ಯ, ಉತ್ತರ ಕೊಡಬೇಡಿ,” ಎಂದಳು ಕಿವಿಯ ಹತ್ತಿರ. “ಗಂಟೆಗೆ ಮಖಮಲ್ಲು ಸುತ್ತಿದವಳು ನಾನೇ, ಅದರಿಂದ ಮರಿಗೆ ಹೀಗಾಗುತ್ತೆ ಅಂತ ಹೊಳೀಲೇ ಇಲ್ಲ. ನೀವು ಪೊಲೀಸಿನವರು ಅಂತ ಅವಳಿಗೆ ಗೊತ್ತಾದ್ರೆ, ಇವತ್ತು ಸಂಜೆಯೊಳಗೆ ಒಂದು ಜೀವ ಹೋಗುತ್ತೆ.”